ಎಲ್ಲ ಕೋವಿಯೂ ಟಿಪ್ಪುವಿನದಲ್ಲ



ಕಳೆದ ತಿಂಗಳು ಆಲೂರಿನ ಸಮೀಪ ಹಳೆಯ ಶಿಷ್ಯನೊಬ್ಬನ ಗೃಹಪ್ರವೇಶಕ್ಕೆ ಹೋಗಿದ್ದೆ. ಜಗುಲಿಯ ಗೋಡೆಯ ಮೇಲೆ ಫಳಫಳ ಹೊಳೆಯುವ ಕೋವಿಯೊಂದಿತ್ತು. "ಸಾರ್, ಟಿಪ್ಪು ಕಾಲದ್ದು. ಮಂಜರಾಬಾದ್ ಕೋಟೆಗೆ ಕರೆದುಕೊಂಡು ಹೋದಾಗ ನೀವೇ ಹೇಳಿದ್ರಲ್ಲ, ನಮ್ಮ ಕಡೆಯ ಹಳೇ ಕೋವಿಗಳೆಲ್ಲ ಅಲ್ಲಿಂದ ಬಂದವು ಅಂತ" ಎಂದ. ನನಗೆ ತುತ್ತು ಇಳಿಯಲಿಲ್ಲ. ಹೌದು, ಹೇಳಿದ್ದೆ. ಯಾವ ಕೋವಿಯನ್ನೂ ಕೈಯಲ್ಲಿ ಹಿಡಿದು ನೋಡದೆ ಹೇಳಿದ್ದೆ.

ಆ ಕೋವಿ ಕೇಪಿನ ಕೋವಿ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಬಡಿತಕ್ಕೆ ಸಿಡಿಯುವ ಮದ್ದಿನಿಂದ ಕೋವಿ ಹಾರಿಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಫೋರ್ಸಿತ್ ಪೇಟೆಂಟ್ ಪಡೆದದ್ದು 1807ರಲ್ಲಿ. ಕೇಪು ಬಂದದ್ದು ಅದಕ್ಕೂ ಅನಂತರ. ಹಳೆಯ ಚಕಮಕಿ ಕೋವಿಗಳನ್ನೇ ಕೇಪಿಗೆ ಮಾರ್ಪಡಿಸುತ್ತಿದ್ದುದೂ ಉಂಟು. ಆದುದರಿಂದ ನಳಿಗೆಯ ಮೇಲಿನ ಗುರುತುಗಳೇ ನಿಜವಾದ ಸಾಕ್ಷಿ. ಆ ಸಾಕ್ಷಿಯನ್ನು ಗೃಹಪ್ರವೇಶದ ಅಂದಕ್ಕಾಗಿ ಉಪ್ಪುಕಾಗದದಿಂದ ಉಜ್ಜಿ ಅಳಿಸಿಬಿಟ್ಟಿದ್ದರು!

ಗುರುತು ಹಿಡಿಯುವುದು ಮಂತ್ರವಿದ್ಯೆಯಲ್ಲ. ಟಿಪ್ಪುವಿನ ಶ್ರೀರಂಗಪಟ್ಟಣದ ಕಾರ್ಖಾನೆಯ ಕೋವಿಗಳಲ್ಲಿ ಹುಲಿಪಟ್ಟೆಯ ಅಲಂಕಾರ, ಪಾರ್ಸಿ ಬರಹ, ಮೌಲೂದಿ ಇಸವಿ ಕಾಣುತ್ತವೆ. ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1215 ಎಂದರೆ ನಮ್ಮ 1787ರ ಸುಮಾರು. ಈಸ್ಟ್ ಇಂಡಿಯಾ ಕಂಪನಿಯ ಕೋವಿಗೆ 1808ರವರೆಗೆ ನಾಲ್ಕು ಭಾಗವಾದ ಹೃದಯಾಕಾರದ ಮುದ್ರೆ, ಆಮೇಲೆ ಹಿಂಗಾಲಿನ ಮೇಲೆ ನಿಂತ ಸಿಂಹ. ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಲ್ಲಿ ಸ್ಥಾಪನೆಯಾದ ಪರೀಕ್ಷಾಲಯದ ನಳಿಗೆಗಳಿಗೆ ಕಿರೀಟ ಮತ್ತು ಅಡ್ಡಹಾಯ್ದ ರಾಜದಂಡಗಳ ಗುರುತು. ಬತ್ತಿಕೋವಿಗಳಲ್ಲಿಯೂ ಭೇದವಿದೆ: ಉತ್ತರ ಭಾರತದವುಗಳಲ್ಲಿ ಬತ್ತಿಯ ಕೊಕ್ಕೆ ಮರದ ಸೀಳಿನೊಳಗಿಂದ ಮೇಲೇಳುತ್ತದೆ; ಮಲಬಾರಿನವುಗಳಲ್ಲಿ ಪೋರ್ಚುಗೀಸರ ಪ್ರಭಾವದ ಹಿತ್ತಾಳೆಯ ಯಂತ್ರ ಹೊರಮೈಯಲ್ಲಿ ಕೂತಿರುತ್ತದೆ.

"ಮನೆಯವರ ಹೆಮ್ಮೆ, ನಿಮಗೇನು ನಷ್ಟ ಮೇಷ್ಟ್ರೇ?" ಎನ್ನುವವರಿದ್ದಾರೆ. ನಷ್ಟವಿದೆ. ಎಲ್ಲವನ್ನೂ ಟಿಪ್ಪುವಿನ ಹೆಸರಿಗೆ ಬರೆದರೆ, 1802ರಲ್ಲಿ ಇದೇ ಕಾಡುಗಳಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆಯನ್ನು ಎದುರಿಸಿದ ಬಲಂ ಪಾಳೆಯಗಾರನ ಆಳುಗಳ ಕೈಯಲ್ಲಿ ಏನಿತ್ತೆಂದು ಕೇಳುವವರೇ ಇರುವುದಿಲ್ಲ. ಹಂದಿಯ ಕಾಟದಿಂದ ಗದ್ದೆ ಕಾದ ಅಜ್ಜನ ಹೆಸರೂ ಅಳಿಸಿಹೋಗುತ್ತದೆ. ಅಜ್ಜನ ಕೋವಿ ಅಜ್ಜನದಾಗಿಯೇ ಇದ್ದರೆ ಯಾವ ಅವಮಾನ? ಸುಳ್ಳು ಹಿರಿಮೆಯ ಬೆನ್ನಿಗೇ ದಲ್ಲಾಳಿಯೂ ಬಂದು ನಿಲ್ಲುತ್ತಾನೆ. ನೂರು ವರ್ಷ ದಾಟಿದ ಇಂಥ ಪ್ರಾಚ್ಯವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದು 1972ರ ಕಾಯಿದೆಯಂತೆ ಅಪರಾಧವೆಂಬುದು ಎಷ್ಟು ಮಂದಿಗೆ ಗೊತ್ತು?

ಆದ್ದರಿಂದ ನಿಮಗೆ ನನ್ನ ಕೊನೆಯ ಮನೆಪಾಠವಿದು. ಮೊದಲು ಲೈಸೆನ್ಸಿನ ಕಾಗದ ಸರಿಯಿದೆಯೇ ನೋಡಿರಿ. ನಳಿಗೆಯಲ್ಲಿ ಮದ್ದು ಉಳಿದಿಲ್ಲವೆಂದು ಬಲ್ಲವರಿಂದ ಖಚಿತಪಡಿಸಿಕೊಳ್ಳಿರಿ. ಅನಂತರ ಮುದ್ರೆಗಳ ಫೋಟೋ ತೆಗೆದು, ನಳಿಗೆಯ ಉದ್ದವನ್ನು ಅಳೆದು ಬರೆದಿಡಿರಿ. ಹಿರಿಯರು ಹೇಳಿದ್ದನ್ನೂ ಬರೆಯಿರಿ, ಆದರೆ ಬೇರೆ ಪುಟದಲ್ಲಿ. ದಯವಿಟ್ಟು ಉಜ್ಜಬೇಡಿರಿ.

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಿಮಗೆ ಕಲಿಸಿದವನೇ ಹಳೆಯದೆಲ್ಲ ಟಿಪ್ಪುವಿನದೆಂದು ನಂಬಿಸಿದ್ದೆ. ಆ ಪಾಠವನ್ನು ಇಂದು ಹಿಂತೆಗೆದುಕೊಂಡಿದ್ದೇನೆ.