ದಾನವಿದ್ಯೆಗೂ ಒಂದು ವಿದ್ಯಾರ್ಥಿವೇತನವಿರಲಿ

ಪಂಚಕಲ್ಯಾಣ ಮಹೋತ್ಸವದ ಮಂಟಪದಲ್ಲಿ ಪ್ರಥಮ ಕಲಶದ ಸವಾಲು ನಡೆಯುವಾಗ ಜೈನ ಸಮಾಜದ ಔದಾರ್ಯವನ್ನು ಯಾರೂ ಶಂಕಿಸಲಾರರು. ಮುಂಬಯಿಯ ವ್ಯಾಪಾರಿ, ಪುಣೆಯ ಎಂಜಿನಿಯರ್, ಹೈದರಾಬಾದಿನ ವೈದ್ಯ ಕೆಲವೇ ನಿಮಿಷಗಳಲ್ಲಿ ಲಕ್ಷಗಳನ್ನು ಒಪ್ಪಿಕೊಳ್ಳುತ್ತಾರೆ, ಜಯಘೋಷ ಮೊಳಗುತ್ತದೆ. ಆದರೆ ಹಾಗೆ ಕೂಡಿದ ಹಣ ಒಂದು ವರ್ಷದ ನಂತರ ಯಾರ ಬದುಕಿನಲ್ಲಿ ಯಾವ ಬದಲಾವಣೆ ತಂದಿತೆಂದು ಕೇಳುವವರು ವಿರಳ, ಹೇಳಬಲ್ಲವರು ಇನ್ನೂ ವಿರಳ. ಬೆಳಗಾವಿ, ಸಾಂಗಲಿ ಸೀಮೆಯ ಬಡ ಜೈನ ರೈತನ ಮಗಳಿಗೆ ಎರಡು ಸಾವಿರ ರೂಪಾಯಿಯ ಚೆಕ್ಕು, ಒಂದು ಶಾಲು, ಒಂದು ಛಾಯಾಚಿತ್ರ ಸಲ್ಲುತ್ತವೆ. ಆಕೆ ಕಾಲೇಜನ್ನು ಮುಗಿಸಿದಳೇ ಎಂಬುದು ಯಾವ ವರದಿಯಲ್ಲೂ ಕಾಣಸಿಗದು. ಸಮಾಜದಲ್ಲಿ ಕೊಡುವ ಮನಸ್ಸಿಗೆ ಬರವಿಲ್ಲ. ಕೊಡುವ ವಿದ್ಯೆಗೆ ಬರವಿದೆ.

ಈ ವಿದ್ಯೆ ಇಂದು ವಿಶ್ವವಿದ್ಯಾಲಯಗಳಲ್ಲಿ ದೊರೆಯುತ್ತದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ 1987ರಲ್ಲಿ ಲೋಕೋಪಕಾರದ ಅಧ್ಯಯನಕ್ಕೆಂದೇ ಕೇಂದ್ರವೊಂದನ್ನು ತೆರೆದು, 2012ರಲ್ಲಿ ಅದಕ್ಕೆ ಸ್ವತಂತ್ರ ಶಾಲೆಯ ಸ್ಥಾನ ನೀಡಿತು. ಆಸ್ಟ್ರೇಲಿಯಾದ ಸ್ವಿನ್‌ಬರ್ನ್ ವಿಶ್ವವಿದ್ಯಾಲಯ ಸಾಮಾಜಿಕ ಹೂಡಿಕೆ ಮತ್ತು ಲೋಕೋಪಕಾರವನ್ನು ಸ್ನಾತಕೋತ್ತರ ವಿಷಯವಾಗಿ ಬೋಧಿಸಿತು. ಭಾರತದಲ್ಲಿ 1936ರಲ್ಲಿ ಟಾಟಾ ದತ್ತಿಯ ಹಣದಿಂದಲೇ ಹುಟ್ಟಿದ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಸಾಮಾಜಿಕ ಉದ್ಯಮಶೀಲತೆಯಲ್ಲಿ ಸ್ನಾತಕೋತ್ತರ ಶಿಕ್ಷಣ ರೂಪಿಸಿದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ಅಧ್ಯಯನದ ಸ್ನಾತಕೋತ್ತರ ಪದವಿಯಿದೆ. ಅಗತ್ಯವನ್ನು ಅಳೆಯುವುದು, ಯೋಗ್ಯ ಸಂಸ್ಥೆಯನ್ನು ಆಯ್ದುಕೊಳ್ಳುವುದು, ಎಲ್ಲಿ ಅನುದಾನ ತಕ್ಕದ್ದು ಎಲ್ಲಿ ಸಾಲ ತಕ್ಕದ್ದು ಎಂದು ತೀರ್ಮಾನಿಸುವುದು, ಮೂಲನಿಧಿಯನ್ನು ಕರಗಿಸದೆ ಬೆಳೆಸುವುದು, ಫಲವನ್ನು ಪ್ರಾಮಾಣಿಕವಾಗಿ ಪರೀಕ್ಷಿಸುವುದು ಇಂಥ ಶಿಕ್ಷಣದ ತಿರುಳು.

ಇದು ಪಶ್ಚಿಮದಿಂದ ಬಂದ ವಿಚಾರವೆಂದು ಶ್ರಾವಕರು ಹಿಂಜರಿಯಬೇಕಿಲ್ಲ. ವಿಧಿ, ದ್ರವ್ಯ, ದಾತೃ, ಪಾತ್ರ ಇವುಗಳ ವಿಶೇಷದಿಂದಲೇ ದಾನದ ಫಲದಲ್ಲಿ ತಾರತಮ್ಯ ಉಂಟಾಗುತ್ತದೆ ಎಂಬುದು ತತ್ತ್ವಾರ್ಥಸೂತ್ರದ ನಿರೂಪಣೆ. ಹೇಗೆ ಕೊಟ್ಟರು, ಏನನ್ನು ಕೊಟ್ಟರು, ಯಾವ ಭಾವದಿಂದ ಕೊಟ್ಟರು, ಯಾರಿಗೆ ಕೊಟ್ಟರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸದ ದಾನ ಅಪೂರ್ಣ. ದಾನಚಿಂತಾಮಣಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದಷ್ಟೇ ಅಲ್ಲ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಯಾವುದು ಅಳಿಯಬಾರದು, ಅದು ಉಳಿಯಲು ಏನು ಮಾಡಬೇಕು ಎಂದು ಯೋಚಿಸಿ ಮಾಡಿದ ಶಾಸ್ತ್ರದಾನವದು. ಒಂಬತ್ತು ಶತಮಾನಗಳ ನಂತರ, 1919ರಲ್ಲಿ, ಕರ್ಮವೀರ ಭಾವೂರಾವ್ ಪಾಟೀಲರು ರಯತ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿ, ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ವಸತಿಗೃಹದಲ್ಲಿ ಉಣ್ಣಿಸಿ, ದುಡಿಯುತ್ತ ಕಲಿಯುವ ದಾರಿ ತೋರಿದರು. ಅದಕ್ಕಾಗಿ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನೇ ಮಾರಿದರು. ಆ ಒಡವೆಯ ಹಣ ಒಂದು ದಿನದ ಸಂತರ್ಪಣೆಯಲ್ಲಿ ಮುಗಿಯಲಿಲ್ಲ, ತಲೆಮಾರುಗಳ ವಿದ್ಯೆಯಾಗಿ ಬೆಳೆಯಿತು.

ಇಂದು ಈ ವಿದ್ಯೆಯ ಅಗತ್ಯ ಹೆಚ್ಚಲು ರಾಜಕೀಯ ಕಾರಣವೂ ಇದೆ. ದಾನದ ನಿಯಮಗಳನ್ನು ಈಗ ಬರೆಯುತ್ತಿರುವುದು ಪ್ರಭುತ್ವ. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವಿನಿಯೋಗಿಸಬೇಕು. 2020ರ ತಿದ್ದುಪಡಿ ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚವನ್ನು ಶೇ. 20ಕ್ಕೆ ಇಳಿಸಿತು. ಸೆಬಿ ರೂಪಿಸಿದ ಸಾಮಾಜಿಕ ಷೇರು ವಿನಿಮಯ ಕೇಂದ್ರದಲ್ಲಿ ದಾನಿಗೆ ಬಡ್ಡಿಯಾಗಲಿ ಅಸಲಾಗಲಿ ಮರಳದ ಪತ್ರಗಳ ಮೂಲಕ ಸೇವಾಸಂಸ್ಥೆಗಳು ಹಣ ಸಂಗ್ರಹಿಸಬಹುದು, ಆದರೆ ಅದರ ಫಲವನ್ನು ವರದಿ ಮಾಡಬೇಕು. ಧಾರ್ಮಿಕ ಸಂಸ್ಥೆಗಳಿಗೆ ಅಲ್ಲಿ ಪ್ರವೇಶವಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯಂತೂ ತನ್ನ ನಂತರ ಒಂದೇ ಧರ್ಮದವರ ಹಿತಕ್ಕೆಂದು ಹುಟ್ಟಿದ ದತ್ತಿಸಂಸ್ಥೆಗಳಿಗೆ ವಿನಾಯಿತಿಯನ್ನೇ ನಿರಾಕರಿಸಿತು. ಬಸದಿಯ ಪೂಜಾನಿಧಿ, ವಿದ್ಯಾರ್ಥಿನಿಲಯ, ಔಷಧಾಲಯ ಎಲ್ಲವನ್ನೂ ಒಂದೇ ಟ್ರಸ್ಟಿನಲ್ಲಿ ಬೆರೆಸಿಟ್ಟ ಮಂಡಳಿಗಳು ಇದರ ಅರ್ಥವನ್ನು ವಿಚಾರಿಸಿವೆಯೇ? ಮುಂಬಯಿ ಪ್ರಾಂತದ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ವಿರುದ್ಧ ಜೈನ ದೇಗುಲವೊಂದರ ವ್ಯವಸ್ಥಾಪಕರಾದ ರತಿಲಾಲ್ ಪಾನಾಚಂದ್ ಗಾಂಧಿಯವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1954ರಲ್ಲಿ ನ್ಯಾಯಾಲಯ ಕೆಲವು ಕಲಮುಗಳನ್ನು ರದ್ದುಪಡಿಸಿತು, ಆದರೆ ಟ್ರಸ್ಟುಗಳ ಆಡಳಿತವನ್ನು ನಿಯಂತ್ರಿಸುವ ಪ್ರಭುತ್ವದ ಅಧಿಕಾರವನ್ನು ಎತ್ತಿಹಿಡಿಯಿತು. ಧರ್ಮಕ್ಕೆ ರಕ್ಷಣೆ ಉಂಟು, ಲೆಕ್ಕಪತ್ರಕ್ಕೆ ವಿನಾಯಿತಿ ಇಲ್ಲ ಎಂಬುದು ಅದರ ಪಾಠ. ಅಲ್ಪಸಂಖ್ಯಾತ ಸ್ಥಾನಮಾನವನ್ನು 2014ರಲ್ಲಿ ಪಡೆದ ಸಮಾಜ ತನ್ನ ಸಂಸ್ಥೆಗಳ ಹಕ್ಕನ್ನು ವಾದಿಸಬೇಕಾದರೆ ಮೊದಲು ತನ್ನ ಲೆಕ್ಕವನ್ನು ಬಲ್ಲವರನ್ನು ಬೆಳೆಸಬೇಕು.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಗುಪ್ತದಾನವೇ ಶ್ರೇಷ್ಠ, ಪುಣ್ಯಕ್ಕೆ ಲೆಕ್ಕಪರಿಶೋಧನೆ ಏಕೆ ಎಂದು ಹಿರಿಯರು ಕೇಳುತ್ತಾರೆ. ಗುಪ್ತವಾಗಿರಬೇಕಾದದ್ದು ದಾನಿಯ ಹೆಸರು, ದಾನದ ವಿನಿಯೋಗವಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು: ಅಳೆಯಲು ಬರುವುದಷ್ಟೇ ಮೌಲ್ಯವುಳ್ಳದ್ದೆಂಬ ಮಾರುಕಟ್ಟೆಯ ಬುದ್ಧಿ ಈ ಪಠ್ಯಗಳ ಜೊತೆಗೆ ನುಸುಳಬಹುದು. ಮುದಿ ಗೋವಿಗೆ ಕೊಟ್ಟ ಅಭಯಕ್ಕೆ, ಗೆದ್ದಲು ಹಿಡಿದ ತಾಳೆಗರಿಯ ರಕ್ಷಣೆಗೆ ಯಾವ ಸೂಚ್ಯಂಕವಿದೆ? ಈ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತಬಲ್ಲವರು ಅಪರಿಗ್ರಹದ ಸಂಸ್ಕಾರದಲ್ಲಿ ಬೆಳೆದ ವಿದ್ಯಾರ್ಥಿಗಳೇ. ಅವರು ಹೊರಗೇ ಉಳಿದರೆ ದಾನದ ವ್ಯಾಖ್ಯಾನವನ್ನು ಇತರರೇ ಬರೆಯುತ್ತಾರೆ.

ಮಾಡಬೇಕಾದದ್ದು ದೊಡ್ಡದೇನಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಕನ್ನಡ ಜೈನ ಸಂಘಗಳು ಒಗ್ಗೂಡಿ ಪ್ರತಿವರ್ಷ ಒಬ್ಬ ಯುವತಿ, ಒಬ್ಬ ಯುವಕನಿಗೆ ಈ ವಿಷಯದ ಸ್ನಾತಕೋತ್ತರ ಅಧ್ಯಯನಕ್ಕೆ ಪೂರ್ಣ ವೆಚ್ಚ ಕೊಡಲಿ. ಓದು ಮುಗಿಸಿದವರು ಎರಡು ವರ್ಷ ಸಮಾಜದ ಟ್ರಸ್ಟಿನಲ್ಲಿ ಸಂಬಳಕ್ಕೇ ದುಡಿಯಲಿ; ಬಿಟ್ಟಿ ಸೇವೆಯ ಹೆಸರಿನಲ್ಲಿ ಅವರ ವಿದ್ಯೆಯನ್ನು ಅಗ್ಗಮಾಡುವುದು ಬೇಡ. ವಿಶ್ವಸ್ತ ಮಂಡಳಿಯಲ್ಲಿ ಅವರಿಗೆ ಮತಾಧಿಕಾರವುಳ್ಳ ಸ್ಥಾನ ದೊರೆಯಲಿ. ಅತ್ತಿಮಬ್ಬೆಯನ್ನು ಭಾಷಣಗಳಲ್ಲಿ ಕೊಂಡಾಡುವ ಮಂಡಳಿಗಳಲ್ಲಿ ಮಹಿಳೆಯರ ಕುರ್ಚಿ ಇಂದಿಗೂ ಎಷ್ಟಿವೆ ಎಂದು ಎಣಿಸಿದರೆ ಈ ಸುಧಾರಣೆಯ ಅವಶ್ಯಕತೆ ತಾನೇ ತಿಳಿಯುತ್ತದೆ.

ಪರ್ಯುಷಣ ಕಳೆದ ಮೇಲೆ ಸಂಘಗಳ ವಾರ್ಷಿಕ ಮಹಾಸಭೆಗಳು ಸೇರುವಾಗ ಈ ಠರಾವು ಕಾರ್ಯಸೂಚಿಯಲ್ಲಿರಲಿ. ಹಣವೆಲ್ಲಿದೆ ಎಂದು ಯಾರಾದರೂ ಕೇಳಿದರೆ, ಕಳೆದ ಉತ್ಸವದ ಸವಾಲಿನ ಪುಸ್ತಕವನ್ನು ಸಭೆಯಲ್ಲೇ ತೆರೆದು ಓದಬಹುದು.