ನಿದಾನವೂ ನಿಧಾನವೂ



ಸಂಸ್ಕೃತದಲ್ಲಿ ನಿದಾನವೆಂದರೆ ರೋಗದ ಮೂಲಕಾರಣ. ಕನ್ನಡದಲ್ಲಿ ನಿಧಾನವೆಂದರೆ ಸಾವಕಾಶ. ಮೊದಲನೆಯದರಲ್ಲಿ ಎರಡನೆಯದು ಸೇರಿದರೆ ಪ್ರಾಣಕ್ಕೇ ಕುತ್ತಾಗುವ ವ್ಯಾಧಿಯೊಂದುಂಟು. ಅದು ವಂಶಪಾರಂಪರ್ಯವಾಗಿ ಬರುವ ಬಾವು. ವೈದ್ಯರು ಆನುವಂಶಿಕ ಆಂಜಿಯೋಎಡಿಮಾ ಎನ್ನುವರು.

ಇದರಲ್ಲಿ ತುಟಿ, ರೆಪ್ಪೆ, ಕೈಕಾಲುಗಳು ಆಗಾಗ ಊದಿ, 2ರಿಂದ 5 ದಿನಗಳಲ್ಲಿ ತಾವಾಗಿಯೇ ಇಳಿಯುವುವು. ಕರುಳು ಊದಿದರೆ ಹೊಟ್ಟೆನೋವು, ವಾಂತಿ. ಗಂಟಲು ಊದಿದರೆ ಉಸಿರೇ ಕಟ್ಟುವುದು. ಪಿತ್ತದ ಗಂಧೆಯಂತೆ ತುರಿಕೆಯಿರದು. ರಕ್ತದಲ್ಲಿ ಸಿ1 ಇನ್‌ಹಿಬಿಟರ್ ಎಂಬ ಪ್ರೋಟೀನಿನ ಕೊರತೆಯೇ ಇದರ ಮುಖ್ಯ ಕಾರಣವೆಂದು 1963ರಲ್ಲಿ ತಿಳಿದುಬಂದಿತು. ನಮ್ಮ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಸ್ಥಾಪಿತವಾದ ವರ್ಷವೂ ಅದೇ. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ.

ಅಲರ್ಜಿಯ ಮಾತ್ರೆ, ಸ್ಟೀರಾಯ್ಡ್, ಅಡ್ರಿನಲಿನ್ ಇದಕ್ಕೆ ನಾಟವು. ಕಮಲಾಪುರದಲ್ಲಿ ನಡುರಾತ್ರಿ ಗಂಟಲು ಬಿಗಿದರೆ ಕಲಬುರಗಿಯ ದೊಡ್ಡಾಸ್ಪತ್ರೆಗಳಿಗೆ 30 ಕಿಲೋಮೀಟರಿಗೂ ಮಿಕ್ಕ ದಾರಿಯಿರುವುದಷ್ಟೆ. ಆದುದರಿಂದ ಬಾವು ಬಾರದಂತೆ ತಡೆಯುವುದೇ ಜಾಣತನ.

ತಡೆ ಎರಡು ಬಗೆಯದು. ಪದೇಪದೇ ಊದುವವರಿಗೆ ನಿತ್ಯದ ಔಷಧ. ನಮ್ಮ ದೇಶದಲ್ಲಿ ಬಹುಮಟ್ಟಿಗೆ ಡ್ಯಾನಜೋಲ್ ಮಾತ್ರೆಯನ್ನು ಕೊಡುವರು. ಅದು ಗರ್ಭಿಣಿಯರಿಗೆ ಸಲ್ಲದು, ಎಳೆಯ ಮಕ್ಕಳಿಗೆ ಹಿತವಲ್ಲ. ಸೇವಿಸುವವರು ಯಕೃತ್ತಿನ ಪರೀಕ್ಷೆಯನ್ನು ಕಾಲಕಾಲಕ್ಕೆ ಮಾಡಿಸತಕ್ಕದ್ದು. ಟ್ರಾನೆಕ್ಸಾಮಿಕ್ ಆಮ್ಲವು ಸೌಮ್ಯವಾದರೂ ಅದರ ಬಲ ಕಡಮೆ. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲ್ಯಾನಾಡೆಲುಮ್ಯಾಬ್ ಚುಚ್ಚುಮದ್ದು ಹೆಚ್ಚು ಫಲಕಾರಿ, ಆದರೆ ಬಲು ದುಬಾರಿ. ಎರಡನೆಯದು ಸಂದರ್ಭದ ತಡೆ: ಹಲ್ಲು ಕೀಳಿಸುವ, ಶಸ್ತ್ರಚಿಕಿತ್ಸೆ ಮಾಡಿಸುವ ಮುನ್ನ ವೈದ್ಯರಿಗೆ ರೋಗವನ್ನು ತಿಳಿಸಿ ರಕ್ಷೆಯ ಔಷಧವನ್ನು ಪಡೆಯುವುದು. ಎನಾಲಪ್ರಿಲ್ ಜಾತಿಯ ರಕ್ತದೊತ್ತಡದ ಮಾತ್ರೆಗಳನ್ನೂ ಈಸ್ಟ್ರೋಜನ್ ಬೆರೆತ ಗರ್ಭನಿರೋಧಕ ಗುಳಿಗೆಗಳನ್ನೂ ಇವರು ಸೇವಿಸಬಾರದು. ಬದಲಿಯನ್ನು ವೈದ್ಯರೇ ಸೂಚಿಸುವರು.

ಇಷ್ಟೆಲ್ಲಕ್ಕೂ ಮೊದಲು ರೋಗವನ್ನು ಗುರುತಿಸಬೇಕು. ಸಿ4 ಎಂಬ ರಕ್ತಪರೀಕ್ಷೆಯೂ ಸಿ1 ಪರೀಕ್ಷೆಯೂ ಅದನ್ನು ತೋರಿಸಿಕೊಡುವುವು. ಆದರೆ ಪರೀಕ್ಷೆಗೆ ದಾರಿ ತೋರುವುದು ಮನೆಯ ಹಿರಿಯರ ಮಾತು. ಅಜ್ಜನ ಮುಖ ಊದುತ್ತಿತ್ತೇ? ಸೋದರತ್ತೆ ಗಂಟಲು ಕಟ್ಟಿ ತೀರಿಕೊಂಡಳೇ? ಹೆಣ್ಣು ಕೊಡುವವರು, ತರುವವರು ಏನೆಂದಾರೆಂದು ಇಂಥ ಸಂಗತಿಗಳನ್ನು ಮುಚ್ಚಿಡುವ ಮನೆಗಳು ನಮ್ಮ ನಾಡಿನಲ್ಲಿ ಹಲವು. ಮುಚ್ಚಿಟ್ಟ ಮಾತ್ರಕ್ಕೆ ವಂಶದ ದೋಷ ನಿಲ್ಲದು. ಹೇಳಿದರೆ ಮೊಮ್ಮಗುವಿನ ಉಸಿರು ಉಳಿದೀತು. ಗೃಹಿಣಿಯರು ಈ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು, ಆಸ್ಪತ್ರೆಯ ಕಾಗದಗಳೊಡನೆ ಇರಿಸಿಕೊಳ್ಳಲೆಂದು ನಾವು ಪ್ರಾರ್ಥಿಸುವೆವು.