ನಿರಾಶ್ರಿತರಿಗೆ ನ್ಯಾಯಸಹಾಯ

ಕಾಯಿದೆಯಲ್ಲಿ ಹಕ್ಕು ಬರೆದಿರುವುದು ಬೇರೆ, ಆ ಹಕ್ಕು ಕೈಗೆ ಬರುವುದು ಬೇರೆ. ನಮ್ಮ ನಾಡಿನಲ್ಲಿಯೇ ನೆಲಸಿರುವ ಟಿಬೆಟನರ ವೃತ್ತಾಂತವು ಇದಕ್ಕೆ ಸಾಕ್ಷಿಯಾಗಿದೆ.

1950ರ ಜನವರಿ 26ರಿಂದ ಮೊದಲ್ಗೊಂಡು 1987ರ ಜುಲೈ 1ಕ್ಕೆ ಮುಂಚೆ ಈ ದೇಶದಲ್ಲಿ ಜನಿಸಿದವರು, ರಾಯಭಾರಿಗಳ ಮಕ್ಕಳೇ ಮೊದಲಾದ ಕೆಲವರ ಹೊರತು, ಜನ್ಮದಿಂದಲೇ ಭಾರತದ ಪ್ರಜೆಗಳೆಂದು 1955ರ ಪೌರತ್ವದ ಕಾಯಿದೆಯು ಹೇಳುತ್ತದೆ. ಬೈಲುಕುಪ್ಪೆ, ಮುಂಡಗೋಡುಗಳಲ್ಲಿ 1960ರ ದಶಕದಿಂದ ನೆಲಸಿದ ಟಿಬೆಟನರ ಮಕ್ಕಳಲ್ಲಿ ಅನೇಕರು ಈ ಅವಧಿಯಲ್ಲಿ ಹುಟ್ಟಿದವರು. ಆದರೂ ಅವರು ಪರದೇಶೀಯರೆಂದೇ ಎಣಿಸಲ್ಪಟ್ಟು, ಕಾಲಕಾಲಕ್ಕೆ ನೋಂದಣಿ ಪತ್ರವನ್ನು ಹೊಸದು ಮಾಡಿಸಿಕೊಳ್ಳುತ್ತ ಬಂದರು. ಪಾಸ್‌ಪೋರ್ಟು ಸಿಕ್ಕದೆ ಹೋದ ಒಬ್ಬ ಟಿಬೆಟನ್ ಮಹಿಳೆಯು ವಕೀಲರ ಮೂಲಕ ದೆಹಲಿ ಹೈಕೋರ್ಟಿಗೆ ಹೋದ ಮೇಲೆ, 2010ರಲ್ಲಿ, ಆಕೆ ಭಾರತದ ಪ್ರಜೆಯೆಂದು ತೀರ್ಪಾಯಿತು. 2013ರಲ್ಲಿ ನಮ್ಮ ಹೈಕೋರ್ಟೂ ಇದೇ ನ್ಯಾಯವನ್ನು ಎತ್ತಿಹಿಡಿಯಿತು. 2016ರಲ್ಲಿ ದೆಹಲಿ ಹೈಕೋರ್ಟು ಮತ್ತೊಮ್ಮೆ ಹೇಳಬೇಕಾಯಿತು. 2017ರಲ್ಲಿ ಪಾಸ್‌ಪೋರ್ಟು ಕಚೇರಿಗಳಿಗೆ ಆಜ್ಞೆ ಹೊರಟಿತು. ಅಷ್ಟು ವರ್ಷಗಳ ಕಾಲ ಇಲ್ಲದಿದ್ದುದು ಕಾಯಿದೆಯಲ್ಲ, ಅದನ್ನು ಎತ್ತಿ ತೋರಿಸುವವರು.

ದಶಕಗಳ ಕಾಲ ನೆಮ್ಮದಿಯಾಗಿ ನೆಲಸಿದವರ ಗತಿಯೇ ಹೀಗಾದರೆ, ನಿನ್ನೆ ಮೊನ್ನೆ ಪ್ರಾಣಭಯದಿಂದ ಓಡಿ ಬಂದವರ ಗತಿಯೇನು? ನಿರಾಶ್ರಿತರಿಗಾಗಿಯೇ ಮಾಡಿದ ಕಾಯಿದೆ ನಮ್ಮಲ್ಲಿಲ್ಲ. 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೂ ನಾವು ಸಹಿ ಹಾಕಿಲ್ಲ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಕಾಯಿದೆಯಲ್ಲಿಯೂ, 1946ರ ಹಳೆಯ ಕಾಯಿದೆಯಲ್ಲಿದ್ದಂತೆ, ತಾನು ವಿದೇಶೀಯನಲ್ಲವೆಂದು ತೋರಿಸತಕ್ಕ ಹೊಣೆಯು ಆ ವ್ಯಕ್ತಿಯ ಮೇಲೆಯೇ ಇದೆ. ನಡುರಾತ್ರಿ ಮನೆ ಬಿಟ್ಟು ಓಡಿದವನು ಕಾಗದಪತ್ರಗಳನ್ನು ಕಟ್ಟಿಕೊಂಡು ಬರುತ್ತಾನೆಯೇ? ಭಾಷೆ ತಿಳಿಯದ ಅವನು ದಲ್ಲಾಳಿಯ ಕೈಗೆ ಬೀಳುವುದು ಆಶ್ಚರ್ಯವಲ್ಲ.

ನಮ್ಮ ಬಡವರಿಗೇ ವಕೀಲರು ದೊರೆಯದಿರುವಾಗ ಪರರ ಚಿಂತೆ ಏತಕ್ಕೆಂದು ಕೆಲವರು ಕೇಳಬಹುದು. ದೇಶದ ಭದ್ರತೆಯ ಮಾತನ್ನೂ ಎತ್ತಬಹುದು. ಭದ್ರತೆ ಬೇಕು, ಸಂದೇಹವಿಲ್ಲ. ಆದರೆ ಸುಳ್ಳುಗಾರನನ್ನೂ ಸಂಕಟಪಟ್ಟವನನ್ನೂ ಬೇರ್ಪಡಿಸುವುದು ಸರಿಯಾದ ವಿಚಾರಣೆಯಿಂದಲೇ ಹೊರತು ಊಹೆಯಿಂದಲ್ಲ. ಮೇಲಾಗಿ, ಸಂವಿಧಾನದ 21ನೆಯ ಅನುಚ್ಛೇದವು ಜೀವಕ್ಕೂ ಸ್ವಾತಂತ್ರ್ಯಕ್ಕೂ ನೀಡಿರುವ ರಕ್ಷಣೆಯು ಪ್ರಜೆಗಳಿಗೆ ಮಾತ್ರವಲ್ಲ, ವ್ಯಕ್ತಿಮಾತ್ರರೆಲ್ಲರಿಗೂ ಸಲ್ಲುವುದೆಂದು ಸುಪ್ರೀಂ ಕೋರ್ಟು 1996ರಲ್ಲಿ ಚಕ್ಮಾ ಜನರ ವ್ಯಾಜ್ಯದಲ್ಲಿ ಸಾರಿದೆ. ಟ್ರಾನ್ಸ್‌ವಾಲಿನಲ್ಲಿ ನಮ್ಮವರು ನೋಂದಣಿ ಪತ್ರದ ಅಪಮಾನಕ್ಕೆ ಗುರಿಯಾದಾಗ ಅವರ ಪರವಾಗಿ ನಿಂತವರು ಒಬ್ಬ ವಕೀಲರೇ ಎಂಬುದನ್ನು, ಗಾಂಧೀಜಿಯವರ ಹೆಸರು ಹೇಳುವ ನಾವು ಮರೆಯಬಾರದು.

ಇದಕ್ಕೆ ಹೊಸ ಖಜಾನೆ ಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮು ಸ್ತ್ರೀಯರಿಗೂ ಮಕ್ಕಳಿಗೂ ಬಂಧನದಲ್ಲಿರುವವರಿಗೂ ಉಚಿತ ನೆರವನ್ನು ವಿಧಿಸಿದೆ; ಅಲ್ಲಿಯೂ ಇರುವುದು ‘ವ್ಯಕ್ತಿ’ ಎಂಬ ಮಾತೇ. ಮೈಸೂರು, ಉತ್ತರ ಕನ್ನಡ ಮೊದಲಾದ ಜಿಲ್ಲೆಗಳ ಪ್ರಾಧಿಕಾರದವರು ಶಿಬಿರಗಳಿಗೆ ಹೋಗಿ, ದುಭಾಷಿಯನ್ನು ಕೂರಿಸಿಕೊಂಡು ಅರ್ಜಿಗಳನ್ನು ಪರಿಶೀಲಿಸಬೇಕು. ಬೆಂಗಳೂರಿನ ವಕೀಲರಲ್ಲಿ ಕೆಲವರಾದರೂ ಈ ಕಾಯಿದೆಯಲ್ಲಿ ವಿಶೇಷ ಪರಿಶ್ರಮ ಪಡೆಯಬೇಕು. ಬಂಧಿತನಾದ ಪರದೇಶೀಯನಿಗೆ ವಕೀಲರನ್ನು ಕಾಣುವ ಹಕ್ಕುಂಟೆಂದು ಅವನ ಭಾಷೆಯಲ್ಲಿಯೇ ಅಧಿಕಾರಿಗಳು ತಿಳಿಸಬೇಕು. ನಿರಾಶ್ರಿತರ ಕಾಯಿದೆಯೊಂದನ್ನು ಪಾರ್ಲಿಮೆಂಟು ಮಾಡುವವರೆಗೆ ಇಷ್ಟಾದರೂ ಆಗಬೇಕು.

ಆಶ್ರಯ ಬೇಡಿ ಬಂದವನ ಅಹವಾಲೆಲ್ಲ ಒಪ್ಪತಕ್ಕದ್ದೆಂದು ನಾವು ಹೇಳುವುದಿಲ್ಲ. ಒಪ್ಪದಿದ್ದರೂ ಕೇಳಿ ಒಪ್ಪದಿರುವುದು ನ್ಯಾಯ. ಕೇಳದೆಯೇ ಅಟ್ಟುವುದು ಸ್ವತಂತ್ರ ರಾಷ್ಟ್ರಕ್ಕೆ ಶೋಭಿಸದು.